ಪದಚರ್ಚೆ: ಮರುಮತದಾನ, ಮರುಚುನಾವಣೆ, ಹೊಸ ಚುನಾವಣೆ (ಜೊತೆಗೆ ‘ಬಹಿಷ್ಕಾರ’)

ಬಲ್ಲವರಿಗೆ ನಮಸ್ಕಾರ.

ಪೂರ್ವ ಆಫ್ರಿಕಾದ ಅಧ್ಯಕ್ಷೀಯ ಚುನಾವಣೆಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಕೆನ್ಯಾದಲ್ಲಿ 2017ರ ಅಕ್ಟೋಬರ್ 26ರಂದು ನಡೆದದ್ದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಮರುಮತದಾನ, ಮರುಚುನಾವಣೆ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಬಳಸಿಬಿಡುತ್ತೇವೆ. ಅಲ್ಲಿಯ ಜಗಳವಿದ್ದದ್ದು ಸರಿಯಾಗಿ ಆ ಎರಡರ ನಡುವೆ.

ಮರೆತವರಿಗಾಗಿ ಹಿನ್ನೆಲೆ. ಆ ವರ್ಷ ಆಗಸ್ಟ್ 8ರ ಮತದಾನದಲ್ಲಿ ಆಗಿನ ಅಧ್ಯಕ್ಷ ಉಹುರು ಕೆನ್ಯಾಟಾ ಗೆದ್ದರೆಂದು ಚುನಾವಣಾ ಆಯೋಗ ಘೋಷಿಸಿತು. ಎದುರಾಳಿ ರೈಲಾ ಓಡಿಂಗಾ ಸುಪ್ರೀಂ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರಿದ್ದ ಪೀಠ ಸೆಪ್ಟೆಂಬರ್ 1ರಂದು ಬಹುಮತದಿಂದ ಆ ಚುನಾವಣೆಯನ್ನು ಅಸಿಂಧು ಎಂದಿತು. ಇಲ್ಲಿ ‘ರದ್ದುಪಡಿಸಿತು’ ಎಂದು ಬರೆಯುವುದು ನನಗೆ ಒಗ್ಗುವುದಿಲ್ಲ. ನಾಳೆಯ ಸಭೆಯನ್ನೂ ರದ್ದು ಮಾಡಬಹುದು, ನಿನ್ನೆಯ ಆದೇಶವನ್ನೂ ರದ್ದು ಮಾಡಬಹುದು. ನಡೆದುಹೋದದ್ದು ಕಾನೂನಿನ ಕಣ್ಣಿನಲ್ಲಿ ನಡೆದೇ ಇಲ್ಲ ಎನ್ನಲು ಅಸಿಂಧುವೇ ಬೇಕು.

ಹಾಗಾದಾಗ 60 ದಿನಗಳೊಳಗೆ ‘ಫ್ರೆಶ್ ಎಲೆಕ್ಷನ್’ ನಡೆಸಬೇಕು ಎನ್ನುತ್ತದೆ ಕೆನ್ಯಾ ಸಂವಿಧಾನದ 140ನೇ ವಿಧಿ. ‘ಫ್ರೆಶ್’ ಎಂದರೆ ಎಷ್ಟು ಹೊಸತು? ಆಯೋಗ ಮೊದಲಿಗೆ ಕೆನ್ಯಾಟಾ, ಓಡಿಂಗಾ ಇಬ್ಬರೇ ಕಣದಲ್ಲಿರುತ್ತಾರೆ ಎಂದಿತು. ಆಯೋಗದಲ್ಲಿ ಸುಧಾರಣೆಗಳಾಗದ ಹೊರತು ಚುನಾವಣೆ ಬೇಡವೆಂದು ಹೇಳುತ್ತಿದ್ದ ಓಡಿಂಗಾ ಅಕ್ಟೋಬರ್ 10ರಂದು ಕಣದಿಂದ ಹಿಂದೆ ಸರಿದರು. ಅವರ ವಾದದ ಬೇರು 2013ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿತ್ತು: ಇಂಥ ಚುನಾವಣೆಗೆ ಮುನ್ನ ಅಭ್ಯರ್ಥಿಯೊಬ್ಬ ತೀರಿಕೊಂಡರೆ ಅಥವಾ ಕೈಬಿಟ್ಟರೆ ಹೊಸದಾಗಿ ನಾಮಪತ್ರ ಕರೆಯಬೇಕು. ಅಂದರೆ ಎಲ್ಲವೂ ಮೊದಲಿನಿಂದ. ಆಯೋಗ ಒಪ್ಪಲಿಲ್ಲ. ಓಡಿಂಗಾ ನಿಗದಿತ ನಮೂನೆ ತುಂಬಿ ಕೊಟ್ಟಿಲ್ಲ, ಆದ್ದರಿಂದ ಅವರಿನ್ನೂ ಅಭ್ಯರ್ಥಿಯೇ ಎಂದಿತು. ಓಡಿಂಗಾ ಹಿಂದೆ ಸರಿದ ಮರುದಿನವೇ ಹೈಕೋರ್ಟ್ ಆಗಸ್ಟ್‌ನಲ್ಲಿ ಸ್ಪರ್ಧಿಸಿದ್ದ ಇನ್ನೊಬ್ಬ ಅಭ್ಯರ್ಥಿ ಎಕುರು ಔಕೊಟ್ ಅವರನ್ನೂ ಸೇರಿಸಿಕೊಳ್ಳುವಂತೆ ಆದೇಶಿಸಿತು. ಇಬ್ಬರ ಕಣ ಹೀಗೆ ಹಿಗ್ಗಿತು. ಹೊಸ ನಾಮಪತ್ರಗಳಂತೂ ಇಲ್ಲ.

ನಮ್ಮಲ್ಲಿ ಮರುಮತದಾನಕ್ಕೆ ಖಚಿತ ಅರ್ಥವಿದೆ: ಮತಗಟ್ಟೆಯಲ್ಲಿ ಯಂತ್ರ ಕೆಟ್ಟರೆ, ಗಲಭೆಯಾದರೆ, ಅದೇ ಹುರಿಯಾಳುಗಳಿಗೆ ಅದೇ ಮತದಾರರು ಇನ್ನೊಮ್ಮೆ ಮತ ಹಾಕುವುದು. ಶಾಸಕರೊಬ್ಬರ ಆಯ್ಕೆಯನ್ನು ಹೈಕೋರ್ಟ್ ಅಸಿಂಧುಗೊಳಿಸಿ ಆ ಸ್ಥಾನ ತೆರವಾದರೆ ಬರುವುದು ಉಪಚುನಾವಣೆ. ಅಲ್ಲಿ ನಾಮಪತ್ರದಿಂದಲೇ ಆರಂಭ. ಕೆನ್ಯಾದ್ದು ಎರಡೂ ಅಲ್ಲ. ಉಳಿದದ್ದು ಮರುಚುನಾವಣೆ. ಆದರೆ ‘ಮರು’ ಭಾರಿ ಚಂಚಲ. ಮರುಎಣಿಕೆಯಲ್ಲಿ ಅದೇ ಮತಗಳು, ಮರುಮುದ್ರಣದಲ್ಲಿ ಅದೇ ಪಠ್ಯ. ಮರುಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಅವರೇ, ಪ್ರಶ್ನೆಪತ್ರಿಕೆ ಬೇರೆ. ಮರುಮದುವೆಯಲ್ಲಂತೂ ಬದಲಾಗುವುದು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಆಯೋಗ ಮರುಪರೀಕ್ಷೆ ನಡೆಸಲು ಹೊರಟಿತ್ತು, ಓಡಿಂಗಾ ಕೇಳಿದ್ದು ಮರುಮದುವೆ!

ಸ್ವಾಹಿಲಿಯಲ್ಲಿ ಜನ ಇದನ್ನು ‘ಉಚಾಗುಜಿ ವಾ ಮರುದಿಯೊ’ ಎಂದರು. ಉಚಾಗುಜಿ ಎಂದರೆ ಚುನಾವಣೆ. ಮರುದಿಯೊ ಹುಟ್ಟಿದ್ದು ಮರಳು ಎಂಬರ್ಥದ ‘ರುದಿ’ ಧಾತುವಿನಿಂದ. ನಮ್ಮ ‘ಮರು’ವಿನ ಹಾಗೆ ಕೇಳಿಸುವುದು ಬರಿಯ ಕಾಕತಾಳೀಯ. ನಂಟು ಹುಡುಕಲು ಹೊರಡುವವರು ನಮ್ಮ ನಡುವೆ ಇದ್ದಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಸದ್ಯಕ್ಕೆ ಸಂವಿಧಾನದ ಮಾತು ಬಂದಲ್ಲಿ ‘ಹೊಸ ಚುನಾವಣೆ’, ಅಕ್ಟೋಬರ್ 26ರ ಘಟನೆಗೆ ‘ಮರುಚುನಾವಣೆ’ ಎಂದು ಇಟ್ಟುಕೊಂಡಿದ್ದೇನೆ. ಸಂವಿಧಾನ ಹೇಳಿದ್ದೂ ಆಯೋಗ ನಡೆಸಿದ್ದೂ ಒಂದೇ ಹೌದೋ ಅಲ್ಲವೋ ಎಂಬುದೇ ವಿವಾದವಾಗಿರುವಾಗ ಎರಡಕ್ಕೂ ಒಂದೇ ಹೆಸರು ಕೊಟ್ಟರೆ ನಾನೇ ತೀರ್ಪು ಕೊಟ್ಟಂತಾಗುತ್ತದೆ. ಓಡಿಂಗಾ ಬಗ್ಗೆ ‘ನಾಮಪತ್ರ ಹಿಂಪಡೆದರು’ ಎನ್ನದೆ ‘ಕಣದಿಂದ ಹಿಂದೆ ಸರಿದರು’ ಎಂದು ಬರೆದಿರುವುದೂ ಇದೇ ಕಾರಣಕ್ಕೆ. ಮತಪತ್ರದಲ್ಲಿ ಅವರ ಹೆಸರು ಉಳಿದೇ ಇತ್ತು, ಸುಮಾರು 73,000 ಮತಗಳೂ ಬಿದ್ದವು! ಕೆನ್ಯಾಟಾ ಅವರಿಗೆ ಶೇ 98 ಬಂತು. ಆಗಸ್ಟ್‌ನಲ್ಲಿ ಶೇ 79ರ ಆಸುಪಾಸಿನಲ್ಲಿದ್ದ ಮತದಾನ ಶೇ 39ಕ್ಕೆ ಇಳಿದಿತ್ತು. ಕಿಸುಮು, ಸಿಯಾಯಾ, ಹೋಮಾ ಬೇ, ಮಿಗೋರಿ ಕೌಂಟಿಗಳಲ್ಲಿ ಪ್ರತಿಭಟನೆಗಳ ನಡುವೆ ಮತದಾನವನ್ನು ಮೊದಲು ಎರಡು ದಿನ ಮುಂದೂಡಿ, ಆಮೇಲೆ ಕೈಬಿಡಲಾಯಿತು. ಕಿಸುಮುವಿನಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಇಷ್ಟಾದ ಮೇಲೂ ನವೆಂಬರ್ 20ರಂದು ಸುಪ್ರೀಂ ಕೋರ್ಟ್ ಈ ಫಲಿತಾಂಶವನ್ನು ಎತ್ತಿಹಿಡಿಯಿತು.

ಇನ್ನೊಂದು ತೊಡಕು ‘ಬಹಿಷ್ಕಾರ’. ರಸ್ತೆ ಆಗಿಲ್ಲವೆಂದು ಊರಿನವರು ಮತದಾನ ಬಹಿಷ್ಕರಿಸಿದರೆ ಅವರೇ ಹೊರಗುಳಿಯುತ್ತಾರೆ. ಒಂದು ಕುಟುಂಬಕ್ಕೆ ಬಹಿಷ್ಕಾರ ಹಾಕಿದರೆ ಆ ಕುಟುಂಬವನ್ನು ಬೇರೆಯವರು ಹೊರಗಿಡುತ್ತಾರೆ. ‘ವಿರೋಧ ಪಕ್ಷದ ಬಹಿಷ್ಕಾರ’ ಎಂದು ತಲೆಬರಹದಲ್ಲಿ ಬರೆದರೆ ಯಾವುದೆಂದು ತಿಳಿಯಬೇಕು? ಕೆನ್ಯಾದ ಮಟ್ಟಿಗೆ ಗೊಂದಲವಿಲ್ಲ. ಪಕ್ಕದ ಟಾಂಜಾನಿಯಾದಲ್ಲಿ ಸಿಕ್ಕಿಕೊಂಡೆ. 2025ರ ಅಕ್ಟೋಬರ್ 29ರ ಚುನಾವಣೆಗೆ ಮುನ್ನ ಮುಖ್ಯ ವಿರೋಧ ಪಕ್ಷ ಚಡೆಮಾ, ಸುಧಾರಣೆ ಇಲ್ಲದೆ ಚುನಾವಣೆ ಇಲ್ಲ ಎಂದು ಘೋಷಿಸಿ ಚುನಾವಣಾ ನೀತಿಸಂಹಿತೆಗೆ ಸಹಿ ಹಾಕಲಿಲ್ಲ. ಸಹಿ ಹಾಕದ್ದಕ್ಕೇ ಅದನ್ನು ಕಣದಿಂದ ಅನರ್ಹಗೊಳಿಸಲಾಯಿತು. ನಾಯಕ ಟುಂಡು ಲಿಸ್ಸು ದೇಶದ್ರೋಹದ ಆರೋಪದಲ್ಲಿ ಸೆರೆಮನೆಯಲ್ಲಿದ್ದರು. ಗಲಭೆ, ಕರ್ಫ್ಯೂ, ಇಂಟರ್ನೆಟ್ ಕಡಿತಗಳ ನಡುವೆ ಅಧಿಕಾರದಲ್ಲಿದ್ದ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಅವರಿಗೆ ಸುಮಾರು ಶೇ 98ರ ಗೆಲುವು ಘೋಷಣೆಯಾಯಿತು. ಇಲ್ಲಿ ಪಕ್ಷ ಹೊರಗುಳಿದದ್ದೂ ನಿಜ, ಅದನ್ನು ಹೊರಗಿಟ್ಟದ್ದೂ ನಿಜ. ‘ಬಹಿಷ್ಕಾರ’ ಎಂದರೆ ಎರಡೂ ಅರ್ಥ ಒಳಗೊಳ್ಳುತ್ತದೆ, ಆದರೆ ಯಾರು ಯಾರಿಗೆ ಎನ್ನುವುದು ಮರೆಯಾಗುತ್ತದೆ.

ಕೇಳಬೇಕಾದದ್ದು ಇಷ್ಟು. ಕನ್ನಡದ ಕಾನೂನು ಬರಹಗಳಲ್ಲಿ ‘ಮರುಚುನಾವಣೆ’ ಹೊಸ ನಾಮಪತ್ರಗಳನ್ನೂ ಒಳಗೊಂಡ ಅರ್ಥದಲ್ಲಿ ಬಳಕೆಯಾಗಿರುವುದನ್ನು ಯಾರಾದರೂ ಕಂಡಿದ್ದೀರಾ? ತಾನಾಗಿ ಹೊರಗುಳಿಯುವುದಕ್ಕೆ ‘ಅಸಹಕಾರ’ವನ್ನು ಸೂಚಿಸಬೇಡಿ, ಆ ಪದ ಗಾಂಧಿಯವರ ಕಾಲದ ನೆನಪನ್ನೆಲ್ಲ ಹೊತ್ತು ತರುತ್ತದೆ. ‘ಚುನಾವಣಾ ವರ್ಜನೆ’ ಹೇಗೆ? ನನ್ನ ಕಿವಿಗೆ ಮದ್ಯವರ್ಜನ ಶಿಬಿರದಂತೆ ಕೇಳುತ್ತದೆ, ನಿಮಗೆ ಹಾಗನ್ನಿಸದಿದ್ದರೆ ಹೇಳಿ.