ಸಹಾಯ ಬೇಕು: ಮೊಲಿಯೇರನ ನಾಟಕಗಳಿಗೆ ಬೂಷೆ ಬರೆದ ಚಿತ್ರಗಳು

ಮಾನ್ಯರೇ,

ದಾವಣಗೆರೆಯ ನಮ್ಮ ಹವ್ಯಾಸಿ ತಂಡವು ಫ್ರೆಂಚ್ ನಾಟಕಕಾರ ಮೊಲಿಯೇರನ ಜಿಪುಣನ ಪ್ರಹಸನವನ್ನು ಕನ್ನಡದಲ್ಲಿ ಆಡಲು ತಾಲೀಮು ನಡೆಸುತ್ತಿದ್ದು, ವೇಷಭೂಷಣಕ್ಕೆ ಆಧಾರವಾಗಿ, ಅವನ ನಾಟಕಗಳ 1734ರ ಸಂಪುಟಗಳಿಗಾಗಿ ಫ್ರೆಂಚ್ ಚಿತ್ರಕಾರ ಫ್ರಾನ್ಸ್‌ವಾ ಬೂಷೆ ಬರೆದ ಹಾಗೂ ಲೋರಾಂ ಕಾರ್ ತಾಮ್ರದ ತಗಡಿನಲ್ಲಿ ಕೊರೆದ ದೃಶ್ಯಚಿತ್ರಗಳನ್ನು ಹುಡುಕುತ್ತಿದ್ದೇವೆ. ನಮಗೆ ದೊರೆತ ಪ್ರತಿಗಳು ಎಷ್ಟು ಮಸುಕಾಗಿವೆಯೆಂದರೆ, ತೋಳಿನ ನೆರಿಗೆ ಯಾವುದು, ನೆರಳಿನ ಗೀರು ಯಾವುದು ಎಂಬುದೇ ನಮ್ಮ ದರ್ಜಿಗೆ ತಿಳಿಯುತ್ತಿಲ್ಲ.

ಇನ್ನೊಂದು ತೊಡಕೂ ಇದೆ. ನಾಟಕವು ಮೊದಲು ರಂಗಕ್ಕೆ ಬಂದದ್ದು 1668ರಲ್ಲಿ. ಬೂಷೆಯಾದರೋ ಪಾತ್ರಗಳಿಗೆ ಹೆಚ್ಚಾಗಿ ತನ್ನ ಕಾಲದ ಉಡುಪನ್ನೇ ತೊಡಿಸಿದ್ದಾನೆ (ನಮ್ಮ ಕಂಪನಿ ನಾಟಕಗಳ ಪುರಾಣದ ರಾಜರು ಮಖಮಲ್ಲು ತೊಟ್ಟಂತೆ). ಆದರೂ ಆ ಚಿತ್ರಗಳಲ್ಲಿನ ನಿಲುವು, ಕೈಗಳ ಭಂಗಿ ನಮಗೆ ಬೇಕೇ ಬೇಕು.

ಸ್ಪಷ್ಟ ಪ್ರತಿಗಳನ್ನು ಹೊಂದಿರುವವರು ಅಥವಾ 17ನೇ ಶತಮಾನದ ಫ್ರೆಂಚ್ ಉಡುಪನ್ನು ಬಲ್ಲವರು ದಯವಿಟ್ಟು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.