ಕಂಕುಳ ವಾಸನೆಗೆ ಆಪರೇಷನ್ ಬೇಕಾ? ಚರ್ಮದ ಡಾಕ್ಟರನ್ನು ಕೇಳಿ

ಹಾಸನದ ಅಕ್ಕ: ಡಾಕ್ಟ್ರೇ ನಮಸ್ಕಾರ. ತಂಗಿಗೆ ಕಂಕುಳ ವಾಸನೆ ಜಾಸ್ತಿ. ಮದುವೆ ಗೊತ್ತಾಗಿದೆ. ಎದೆಯೊಳಗಿನ ನರ ಕತ್ತರಿಸಿದರೆ ಪೂರ್ತಿ ಹೋಗುತ್ತೆ ಅಂತ ಒಂದು ಕ್ಲಿನಿಕ್‌ನವರು ಹೇಳಿದ್ದಾರೆ. ಮಾಡಿಸಬಹುದಾ?

ಬೆಣ್ಣೆದೋಸೆ: ಸರ್, ಸೋಡಾಪುಡಿಗೆ ನಿಂಬೆರಸ ಕಲಸಿ ಹಚ್ಚಿದರೆ ಮೂರೇ ದಿನಕ್ಕೆ ಹೋಗುತ್ತಂತೆ. ಫಾರ್ವರ್ಡ್ ಬಂದಿದೆ.

ಡಾಕ್ಟರ್: ಬೆಣ್ಣೆದೋಸೆ, ಬೇಡ. ಚರ್ಮ ಸುಡುತ್ತದೆ.

ಹಾಸನದ ಅಕ್ಕ, ದಯವಿಟ್ಟು ತಡೆಯಿರಿ. ಆ ಆಪರೇಷನ್ ಇರುವುದು ವಿಪರೀತ ಬೆವರಿಗೆ. ಅದೂ ಮುಖ್ಯವಾಗಿ ಅಂಗೈ ಬೆವರಿಗೆ, ಬೇರೆ ಯಾವುದೂ ಕೆಲಸ ಮಾಡದಿದ್ದಾಗ. ವಾಸನೆಯ ಕಥೆ ಬೇರೆ. ಕಂಕುಳಲ್ಲಿರುವ ಅಪೋಕ್ರೈನ್ ಗ್ರಂಥಿಗಳ ದ್ರವವನ್ನು ಬ್ಯಾಕ್ಟೀರಿಯಾ ಒಡೆದಾಗ ಆ ಕಮಟು ಬರುವುದು. ನರ ಕತ್ತರಿಸಿದರೂ ಆ ಗ್ರಂಥಿಗಳು ಅಲ್ಲೇ ಇರುತ್ತವೆ. ಮೇಲಾಗಿ ಬೆನ್ನು, ಹೊಟ್ಟೆ, ತೊಡೆಯಲ್ಲಿ ಹೊಸದಾಗಿ ಬೆವರು ಕಿತ್ತುಕೊಂಡು ಬರಬಹುದು. ಆಮೇಲೆ ಮೊದಲಿನಂತೆ ಮಾಡಿಕೊಡಿ ಅಂದರೆ ಯಾರ ಕೈಲೂ ಆಗುವುದಿಲ್ಲ.

ವಾಸನೆಗೇ ಅಂತ ಇನ್ನೊಂದು ಆಪರೇಷನ್ ಇದೆ. ಕಂಕುಳ ಮಡಿಕೆಯಲ್ಲಿ ಸೀಳಿ, ಚರ್ಮ ಮಗುಚಿ, ಒಳಬದಿಗೆ ಅಂಟಿದ ಗ್ರಂಥಿಗಳನ್ನು ಕತ್ತರಿಯಲ್ಲಿ ಸವರಿ ತೆಗೆಯುತ್ತಾರೆ. ಕೊರಿಯಾ, ಜಪಾನ್, ತೈವಾನ್‌ನಲ್ಲಿ ಇದು ಮಾಮೂಲಿ. ಎಬಿಸಿಸಿ11 ಅನ್ನುವ ಜೀನ್‌ನ ಒಂದು ರೂಪದಿಂದಾಗಿ ಅಲ್ಲಿ ಹೆಚ್ಚಿನವರಿಗೆ ವಾಸನೆಯೇ ಇಲ್ಲ, ಹಾಗಾಗಿ ಇರುವವರಿಗೆ ಸಂಕಟ. ಇದರಲ್ಲೂ ಒಳಗೆ ರಕ್ತ ಕಟ್ಟಬಹುದು, ಚರ್ಮದ ಅಂಚು ಕಪ್ಪಾಗಿ ಸಾಯಬಹುದು, ಕಲೆ ಉಳಿಯಬಹುದು. ಒಂದೆರಡು ವಾರ ಕೈ ಎತ್ತುವ ಹಾಗಿಲ್ಲ, ಜಡೆ ಹಾಕಿಕೊಳ್ಳಲಿಕ್ಕೂ ಇನ್ನೊಬ್ಬರು ಬೇಕು.

ತಂಗಿಯ ಕಂಕುಳ ಕೂದಲಿಗೆ ಹಳದಿ ಗಂಟುಗಳು ಅಂಟಿವೆಯಾ? ಇದ್ದರೆ ಅದು ಬ್ಯಾಕ್ಟೀರಿಯಾ. ಕೂದಲು ತೆಗೆದು ಮುಲಾಮು ಹಚ್ಚಿದರೆ ಸಾಕಾಗಬಹುದು. ಇದನ್ನು ಯಾರಾದರೂ ನೋಡಿದ್ದಾರಾ, ಅಥವಾ ನೇರ ಆಪರೇಷನ್ನಾ?

ಮೈಸೂರ್ ಪಾಕ್: ಬೊಟಾಕ್ಸ್ ಇಂಜೆಕ್ಷನ್?

ಡಾಕ್ಟರ್: ಬೆವರು ಕಡಿಮೆಯಾಗುತ್ತದೆ. ಕೆಲವು ತಿಂಗಳು ಮಾತ್ರ.

ತುಂಗಾತೀರ: ನನ್ನ ಮಗನಿಗೆ 14 ವರ್ಷ. ಯಾವ ವಯಸ್ಸಿಗೆ ಆಪರೇಷನ್ ಮಾಡಿಸಬಹುದು ಸರ್?

ಸಾತ್ವಿಕ: ಮಾಂಸ ತಿನ್ನುವುದು ಬಿಟ್ಟರೆ ಎಲ್ಲ ಸರಿಹೋಗುತ್ತೆ.

ಕರಾವಳಿ ಕುಡ್ಲ: ಓಹೋ! ನಿಮ್ಮ ಬೆಳ್ಳುಳ್ಳಿ ಒಗ್ಗರಣೆ ಘಮಘಮ ಅಲ್ವಾ?

ಸಾತ್ವಿಕ: ನಮ್ಮನೇಲಿ ಬೆಳ್ಳುಳ್ಳಿ ತರೋದೇ ಇಲ್ಲ.

ಕರಾವಳಿ ಕುಡ್ಲ: ಹಾಗಾದ್ರೆ ಬಸ್ಸಿನಲ್ಲಿ ನಿಮ್ಮ ಪಕ್ಕಾನೇ ಕೂರ್ತೀನಿ ಬಿಡಿ.

ಡಾಕ್ಟರ್: ಇಬ್ಬರೂ ಸ್ನಾನ ಮಾಡಿ ಬನ್ನಿ.

ಬೆಣ್ಣೆದೋಸೆ: ಸೋಡಾ ಬೇಡ ಅಂದ್ರಿ. ಬರೀ ನಿಂಬೆ?

ಡಾಕ್ಟರ್: ಮೇಲೆ ಓದಿ.

ಅಡುಗೆಮನೆ: ಪಟಿಕ ಉಜ್ಜಿದರೆ?

ಡಾಕ್ಟರ್: ಉಜ್ಜಿಕೊಳ್ಳಿ. ಗಾಯ ಇದ್ದರೆ ಬೇಡ. ಇನ್ನು ಅಡುಗೆಮನೆ ಸಾಮಾನಿನ ಪಟ್ಟಿ ಕಳಿಸಬೇಡಿ.

ಸಾತ್ವಿಕ: ಡಾಕ್ಟರ್ ಹೀಗೆ ಮಾತಾಡಬಾರದು.

ಹಾಸನದ ಅಕ್ಕ: ಹಳದಿ ಗಂಟು ಇದೆ ಸರ್, ಈಗ ನೋಡಿದ್ವಿ. ಆದರೆ ಕ್ಲಿನಿಕ್‌ಗೆ ಅಡ್ವಾನ್ಸ್ ಕಟ್ಟಿಬಿಟ್ಟಿದ್ದೀವಿ.

ಡಾಕ್ಟರ್: ಅಡ್ವಾನ್ಸ್ ಹೋದರೆ ಹೋಗಲಿ. ನಾಳೆಯೇ ಹತ್ತಿರದ ಚರ್ಮದ ಡಾಕ್ಟರಿಗೆ ತೋರಿಸಿ.

ಕರಾವಳಿ ಕುಡ್ಲ: ಸಾತ್ವಿಕರೇ, ಇಂಗು ತಿಂತೀರಾ?