1234567890ರ ಅಪವರ್ತನ: 13717421ಕ್ಕೆ ಬಂದು ನಿಂತದ, ಭಾಜಕಗಳ ಮೊತ್ತ ಮೈನಸ್ ಬರ್ತದ

ಗೋಳಗುಮ್ಮಟ (ವಿಜಯಪುರ)
ಡಿಪ್ಲೊಮಾ ಹುಡುಗರ ಸಿ ಪ್ರೋಗ್ರಾಮಿಂಗ್ ಲ್ಯಾಬಿಗೆ 1,23,45,67,890 ಕೊಟ್ಟದ. ಕೈಲೆ ಮಾಡಿದ್ರ 2, 5, ಎರಡು 3 ತೆಗೆದ ಮ್ಯಾಲ 13717421 ಉಳೀತದ. 7, 11, 13, 17 ಯಾವುದರಿಂದನೂ ಭಾಗ ಹೋಗೂದಿಲ್ಲ. ಅವಿಭಾಜ್ಯ ಅಂತ ಬರೀಬಹುದೇನ್ರಿ? ಇನ್ನೊಂದು, ಪ್ರೋಗ್ರಾಮಿನಾಗ ಭಾಜಕಗಳ ಎಣಿಕೆ 48 ಅಂತ ಬರ್ತದ, ಮೊತ್ತ ಮಾತ್ರ −1083356608. ಮೈನಸ್ ಯಾಕ?

ನವನಗರ (ಬಾಗಲಕೋಟೆ)
ಅವಿಭಾಜ್ಯ ಅಲ್ಲರಿ. ಸಣ್ಣದರಿಂದ ಭಾಗಿಸ್ಕೋತ ಹೋದ್ರ 3607ರ ತನಕ ಹೋಗಬೇಕು, ಅಂದ್ರ 500ಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆ. ಅಷ್ಟು ಯಾರು ಮಾಡ್ತಾರ! ಫ್ರೆಂಚ್ ಗಣಿತಜ್ಞ ಫರ್ಮಾನ ದಾರಿ ಹಿಡೀರಿ: ಸಂಖ್ಯೆನ್ನ ಎರಡು ವರ್ಗಗಳ ವ್ಯತ್ಯಾಸ ಮಾಡೂದು. ವರ್ಗಮೂಲ 3703 ಚಿಲ್ಲರೆ, ಹಂಗಾಗಿ 3704ರಿಂದ ಶುರು.

3704² − 13717421 = 2195. 5ರಿಂದ ಮುಗಿಯೋ ಪೂರ್ಣವರ್ಗದ ಕಡೀ ಎರಡು ಅಂಕಿ 25 ಇರಬೇಕು. ಇಲ್ಲಿ 95, ಬಿಡ್ರಿ.
3705² − 13717421 = 9604 = 98².

ಮುಗೀತು. (3705 − 98)(3705 + 98), ಅಂದ್ರ 3607 × 3803. ಇವೆರಡೂ ಅವಿಭಾಜ್ಯ; ಖಾತ್ರಿ ಮಾಡ್ಕೊಳ್ಳಾಕ 61ರ ತನಕದ ಅವಿಭಾಜ್ಯಗಳಿಂದ ಭಾಗಿಸಿ ನೋಡಿದ್ರ ಸಾಕು. ಪೂರ್ತಿ ಉತ್ತರ: 2 × 3² × 5 × 3607 × 3803. ಘಾತಕ್ಕ ಒಂದೊಂದು ಕೂಡಿಸಿ ಗುಣಿಸ್ರಿ: 2·3·2·2·2 = 48. ನಿಮ್ಮ ಎಣಿಕೆ ಸರಿ ಐತಿ.

ಟಿಳಕವಾಡಿ (ಬೆಳಗಾವಿ)
ಒಂದು ಎಚ್ಚರಿಕೆ. ಮೊದಲು 2 ತೆಗೀದ 1234567890ಕ್ಕ ನೇರ ಈ ದಾರಿ ಹಚ್ಚಿದ್ರ ಎಂದೂ ಮುಗಿಯಾಂಗಿಲ್ಲ. ವರ್ಗವನ್ನ 4ರಿಂದ ಭಾಗಿಸಿದ್ರ ಶೇಷ 0 ಇಲ್ಲಾ 1. ಎರಡು ವರ್ಗ ಕಳೆದ್ರ ಶೇಷ 2 ಬರೂದು ಸಾಧ್ಯ ಇಲ್ಲ. ಈ ಸಂಖ್ಯೆಗೆ ಶೇಷ 2!

ಇಲ್ಲಿ ಎರಡನೇ ಸಲಕ್ಕ ಸಿಕ್ಕಿದ್ದು 3607, 3803 ಹತ್ತಿರ ಹತ್ತಿರ ಇರೂದಕ್ಕ. 987654321 = 3² × 17² × 379721. 9 ತೆಗೆದು ಉಳಿದಿದ್ದಕ್ಕ ಫರ್ಮಾ ಹಚ್ಚಿದ್ರ 1 ಲಕ್ಷ 79 ಸಾವಿರಕ್ಕೂ ಹೆಚ್ಚು ಸಲ ವರ್ಗ ಮಾಡಬೇಕು. ಸಾದಾ ಭಾಗಾಕಾರದಾಗ 17 ತಟ್ಟನೆ ಸಿಗತೈತಿ. ಅದಕ್ಕ ನೂರರೊಳಗಿನ ಅವಿಭಾಜ್ಯಗಳನ್ನ ಮೊದಲು ನೋಡಿ, ಆಮ್ಯಾಲ ಫರ್ಮಾ.

ಮೊತ್ತದ ವಿಷಯ: (1+2)(1+3+9)(1+5)(1+3607)(1+3803) = 3211610688. ಸಿ ಭಾಷೆಯಾಗ ಪೂರ್ಣಾಂಕ ಇಡೋ 32 ಬಿಟ್ಟಿನ ಇಂಟ್‌ನಾಗ ಹಿಡಿಸೂದು 2147483647ರ ತನಕ ಅಷ್ಟ. ಅದನ್ನ ದಾಟಿದ್ದಕ್ಕ 3211610688ರಾಗ 4294967296 (2ರ 32ನೇ ಘಾತ) ಕಳೀರಿ, ನಿಮ್ಮ −1083356608 ಬರತೈತಿ. ಮೂಲ ಸಂಖ್ಯೆ ಇಂಟ್‌ನಾಗ ಕೂಡತೈತಿ, ಅದಕ್ಕ ಎಣಿಕೆ ಕೆಟ್ಟಿಲ್ಲ.

ಗೋಳಗುಮ್ಮಟ (ವಿಜಯಪುರ)
ಮೊತ್ತಕ್ಕ ಲಾಂಗ್ ಲಾಂಗ್ (64 ಬಿಟ್ಟಿನ ಪೂರ್ಣಾಂಕ) ಹಾಕಿದ ಮ್ಯಾಲೂ ಅದೇ ಮೈನಸ್ ಬರ್ತದಲ್ರಿ.

ಟಿಳಕವಾಡಿ (ಬೆಳಗಾವಿ)
ಉತ್ತರ ತೋರಿಸೋ ಪ್ರಿಂಟ್‌ಎಫ್‌ನಾಗ ಪರ್ಸೆಂಟ್ ಡಿ (%d, ಇಂಟ್ ಅಂತ ತೋರಿಸೋ ಗುರುತು) ಹಂಗ ಉಳದಿರಬೇಕು. ಪರ್ಸೆಂಟ್ ಎಲ್‌ಎಲ್‌ಡಿ (%lld) ಮಾಡ್ರಿ. ಬರೇ ಲಾಂಗ್ ಹಾಕಬ್ಯಾಡ್ರಿ, ವಿಂಡೋಸ್‌ನಾಗ ಅದೂ 32 ಬಿಟ್ಟೇ. ಲೂಪ್ 35136ಕ್ಕ (ಮೂಲ ಸಂಖ್ಯೆಯ ವರ್ಗಮೂಲದ ತನಕ) ನಿಲ್ಲಿಸ್ರಿ; ಒಂದು ಭಾಜಕ ಸಿಕ್ಕಾಗ ಅದರ ಜೋಡಿನೂ ಅಲ್ಲೇ ಕೂಡಿಸಿದ್ರ 24 ಜೋಡಿ ಪೂರಾ ಸಿಗತಾವ.